ನಮ್ಮ ಮನೆಗೆ ಡಿಸ್ಕೋ ಬಂದದ್ದು

ನಮ್ಮ ಮನೆಯಲ್ಲಿ ದೇವರ ಜಗಲಿಗಿಂತ ಹೆಚ್ಚು ಮಡಿ ಇದ್ದದ್ದು ಮೈಕಿನ ಕೋಣೆಗೆ. ಪಡಸಾಲೆ ದಾಟಿ ನಡುಮನೆಗೆ ಕಾಲಿಟ್ಟರೆ ಎಡಕ್ಕೆ ಅದರ ಬಾಗಿಲು. ಮೊದಲು ಅದು ಜೋಳದ ಚೀಲ ಒಟ್ಟುವ ಕೋಣೆಯಾಗಿತ್ತು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಕಿಟಕಿ ಇಲ್ಲ, ಮೇಲೆ ಮಾಳಿಗೆಯಲ್ಲಿ ತಟ್ಟೆಯಗಲದ ಒಂದು ಬೆಳಕಿಂಡಿ. ಅಪ್ಪ ಮೈಕ್ ಸೆಟ್ಟು ತಂದ ವರ್ಷ ಜೋಳದ ಚೀಲಗಳು ನಡುಮನೆಗೆ ಬಂದವು, ನಡುಮನೆಯಲ್ಲಿ ಮಲಗುತ್ತಿದ್ದ ನಾವು ಪಡಸಾಲೆಗೆ ಬಂದೆವು. ಆ ಕೋಣೆಯಲ್ಲಿ ಹಳೆಯ ಜೋಳದ ವಾಸನೆಯೂ ಬ್ಯಾಟರಿಯ ಹುಳಿ ವಾಸನೆಯೂ ಕೂಡಿ ಮೂಗಿಗೆ ಹತ್ತುತ್ತಿದ್ದವು. ಮೇಜಿನ ಮೇಲೆ ರಿಕಾರ್ಡು ತಿರುಗಿಸುವ ಮಷಿನ್ನು, ಅದರ ಬದಿಗೆ ಕೋಣೆಯಲ್ಲೇ ಕೇಳಿ ನೋಡಲಿಕ್ಕೆ ಒಂದು ಸಣ್ಣ ಪೆಟ್ಟಿಗೆ ಸ್ಪೀಕರು, ಒಂದು ಮೈಕು, ಗೋಡೆಯ ಗೂಟಕ್ಕೆ ಕರಿ ವಾಯರಿನ ಸಿಂಬಿ. ಊರಿಗೆಲ್ಲ ಕೇಳುವಂತೆ ಕೂಗುವ ದೊಡ್ಡ ತಗಡಿನ ಕಹಳೆಗೆ ನಾವು ಭೋಂಗಾ ಅನ್ನುತ್ತಿದ್ದೆವು. ಅದು ಮಾಳಿಗೆಯ ಮೇಲೆ ಇರುತ್ತಿತ್ತು. ನಮ್ಮೂರು ಗೊಳಸಂಗಿಗೂ ಮುಳವಾಡಕ್ಕೂ ನಡುವೆ. ಬಸವನ ಬಾಗೇವಾಡಿಯ ಕಡೆಯ ಮದುವೆಯಾದರೆ ಚಕ್ಕಡಿಯಲ್ಲಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಊರುಗಳ ಕಡೆಯದಾದರೆ ಬಸ್ಸಿನ ಮೇಲೆ, ಅಪ್ಪ ಇಷ್ಟನ್ನೂ ಹೇರಿಕೊಂಡು ಮದುವೆಗಳಿಗೆ ಹೋಗುತ್ತಿದ್ದ. ಮೈಕಿನ ಮಲ್ಲಪ್ಪ ಅಂದರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ರಿಕಾರ್ಡಿಗೆ ಅವನು ಪ್ಲೇಟ ಅನ್ನುತ್ತಿದ್ದ, ಅದರ ನಡುವಿನ ಕಾಗದಕ್ಕೆ ಬಣ್ಣದ ಬೊಟ್ಟು ಇಟ್ಟು ಗುರುತು ಹಿಡಿಯುತ್ತಿದ್ದ. ದೇವರ ಹಾಡಿಗೆ ವಿಭೂತಿ, ಮದುಮಕ್ಕಳಿಗೆ ಎಣ್ಣೆ ಹಚ್ಚುವ ಹೊತ್ತಿನ ಹಾಡಿಗೆ ಅರಿಷಿಣ, ಮೆರವಣಿಗೆಯ ಹಾಡಿಗೆ ಕುಂಕುಮ, ಬೀಗರು ಉಣ್ಣುವಾಗಿನ ಹಾಡಿಗೆ ಸುಣ್ಣ. ಕತ್ತಲಲ್ಲಿ ಕೊಟ್ಟರೂ ಮೂಸಿ ನೋಡಿ ಇದು ಎಂಥ ಹಾಡು ಅಂತ ಹೇಳುತ್ತಾನೆ ಎಂದು ಆಯಿ, ಅಂದರೆ ಅಪ್ಪನ ತಾಯಿ, ಮಗನನ್ನು ಹೊಗಳುತ್ತಿದ್ದಳು. ನಾನು ಆಗ ಆರನೆಯ ಇಯತ್ತೆ. ಇಂಗ್ಲಿಷಿನ ಅಕ್ಷರ ಕೂಡಿಸಿ ಓದಲಿಕ್ಕೆ ಬರುತ್ತಿತ್ತು, ಅದಕ್ಕೇ ಆ ಕೋಣೆಯೊಳಗೆ ನನಗೆ ಪ್ರವೇಶ. ಅಪ್ಪ ನನಗೆ ಒಂದು ಕೆಲಸ ಹಚ್ಚಿಕೊಟ್ಟಿದ್ದ. ಮಾಳಿಗೆಯ ಭೋಂಗಾ ಪರೀಕ್ಷೆ ಮಾಡಿ ಮುಗಿದ ಮೇಲೆ ಅದರ ವಾಯರನ್ನು ಮಷಿನ್ನಿನಿಂದ ಕಿತ್ತು, ಸುತ್ತಿ, ಗೂಟಕ್ಕೆ ಹಾಕಬೇಕು. ಇಲ್ಲದಿದ್ದರೆ ಕೋಣೆಯೊಳಗೆ ಆಡಿದ ಮಾತು ಊರಬಾಗಿಲ ಅಗಸಿಯ ತನಕ ಹೋಗುತ್ತದೆ. ನಾನು ಮಂದಿಯೆದುರು ಬಾಯಿ ಬಿಡದ ಹುಡುಗಿಯಾಗಿದ್ದರೂ ಆ ಕೋಣೆಯಲ್ಲಿ ಮಾತ್ರ ಬೇರೆಯೇ ಆಗುತ್ತಿದ್ದೆ. ವಾಯರು ಗೂಟಕ್ಕೆ ಹೋದ ಮೇಲೆ ಮೈಕು ಹಿಡಿದು ಅಪ್ಪನ ಹಾಗೆ ಗಂಟಲು ಸರಿಮಾಡಿಕೊಂಡು “ಬೀಗರಲ್ಲಿ ವಿನಂತಿ” ಎಂದು ಶುರು ಮಾಡುತ್ತಿದ್ದೆ. ನನ್ನ ದನಿ ಸಣ್ಣ ಪೆಟ್ಟಿಗೆಯಿಂದ ದೊಡ್ಡದಾಗಿ ಬಂದು ನನ್ನ ಕಿವಿಗೇ ಬೀಳುವುದು ಬಹಳ ಸೇರುತ್ತಿತ್ತು. ಕೇಳುವವಳು ಒಬ್ಬಳೇ, ಗಂಗತ್ತಿ.

ಗಂಗತ್ತಿ ಅಪ್ಪನ ಎಲ್ಲರಿಗಿಂತ ಸಣ್ಣ ತಂಗಿ. ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ಆ ವರ್ಷ ಅವಳನ್ನು ಕೃಷ್ಣಾ ನದಿಯ ದಂಡೆಯ ತಂಗಡಗಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಗಂಡನಾಗುವವನನ್ನು ಅವಳು ಒಂದೇ ಸಲ ನೋಡಿದ್ದಳು. ಅತ್ತೆಯಾಗುವ ನೀಲವ್ವನನ್ನು ನಾವೆಲ್ಲ ನೋಡಿದ್ದೆವು. ಎತ್ತರದ, ಗಂಟು ಮುಖದ, ನಗದ ಹೆಂಗಸು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು ನಾಲ್ಕು ಕೂರಿಗೆ ಹೊಲ ತಾನೇ ನಿಂತು ಮಾಡಿಸಿದವಳು. ನಮ್ಮ ಕಡೆ ಒಂದು ಪದ್ಧತಿ ಇದೆ, ಮೊಮ್ಮಕ್ಕಳಾದ ನಿಮಗೂ ಗೊತ್ತು. ನಿಶ್ಚಯವಾದ ಹೆಣ್ಣಿಗೆ ಕಾರ್ತಿಕದ ಗೌರಿ ಹುಣ್ಣಿಮೆಯ ದಿನ ಗಂಡಿನವರು ಸಕ್ಕರೆ ಆರತಿ ತರಬೇಕು. ಅಚ್ಚಿಗೆ ಹೊಯ್ದ ಸಕ್ಕರೆಯ ಆನೆ, ಕುದುರೆ, ತುಳಸಿಕಟ್ಟೆ, ಜೊತೆಗೆ ಸೀರೆ, ಹೂವಿನ ದಂಡೆ. ತಂದರೆ ಸಂಬಂಧ ಗಟ್ಟಿ. ಹುಣ್ಣಿಮೆ ಕಳೆದರೂ ಬರದಿದ್ದರೆ ಯಾರೂ ಏನೂ ಹೇಳುವ ಕೆಲಸವಿಲ್ಲ, ಸಂಬಂಧ ಮುರಿಯಿತು ಅಂತಲೇ. ಹಾಗೆ ಆರತಿ ಬಾರದ ಹೆಣ್ಣೊಬ್ಬಳು ನಮ್ಮ ಓಣಿಯಲ್ಲೇ ಇದ್ದಳು. ಕೂದಲು ಬೆಳ್ಳಗಾಗುವ ತನಕ ತವರಿನಲ್ಲೇ ಸಗಣಿ ಬಳಿದಳು. ಹುಣ್ಣಿಮೆ ಹತ್ತಿರ ಬಂದ ಹಾಗೆ ಆಯಿ ಅವಳ ಹೆಸರು ತೆಗೆಯುವುದನ್ನೇ ಬಿಟ್ಟಿದ್ದಳು.

ಇಂಥ ಹೊತ್ತಿನಲ್ಲಿ ಆ ಶಬ್ದ ನಮ್ಮ ಮನೆಗೆ ಬಂತು. ನೀವು ಈಗ ಡಿಸ್ಕೋ ಅಂದರೆ ಮುದುಕರ ಕಾಲದ ಕುಣಿತ ಎಂದು ನಗುತ್ತೀರಿ. ನನಗೆ ಇವತ್ತಿಗೂ ಆ ಶಬ್ದ ಕೇಳಿದರೆ ನಗು ಬರುವುದಿಲ್ಲ. ಬೇಸಿಗೆಯ ಕೊನೆಯ ಮದುವೆ ಸಿಂದಗಿಯ ಕಡೆ ಇತ್ತು. ಅಲ್ಲಿಂದ ಬಂದ ಅಪ್ಪ ಕೈಕಾಲು ತೊಳೆದು ಒಲೆಯ ಮುಂದೆ ಕೂತವನು ರೊಟ್ಟಿ ಮುರಿಯಲೇ ಇಲ್ಲ.

“ವರನ ಗೆಳ್ಯಾರು ಸುತ್ತ ನಿಂತು ಡಿಸ್ಕೋ ಹಚ್ಚು, ಡಿಸ್ಕೋ ಹಚ್ಚು ಅಂತ ಗಂಟುಬಿದ್ರು. ಕುಂಕುಮದ ಪ್ಲೇಟ ಇದ್ದಷ್ಟೂ ಹಚ್ಚಿದೆ. ‘ಏ ಮುದುಕಾ, ಇವನ್ನ ನಿಮ್ಮಜ್ಜನ ಲಗ್ನಕ್ಕ ಹಚ್ಚು ಹೋಗು’ ಅಂದ್ರು.”

“ನಿನಗ ಮುದುಕಾ ಅಂದ್ರ?” ಅವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಕೇಳಿದಳು.

“ಅದಿರಲಿ. ಇಂಡಿ ಕಡಿಂದು ಒಂದು ಮದುವಿ ನಮಗ ಹೇಳಿದ್ರಲಾ, ಅದೂ ಹೋತು. ಡಿಸ್ಕೋ ಇದ್ದಾವನ್ನ ಕರಸ್ತಾರಂತ.”

ಮಳೆಗಾಲವೆಲ್ಲ ಅಪ್ಪ ಆ ಮಾತನ್ನು ಒಳಗೇ ಇಟ್ಟುಕೊಂಡಿದ್ದ. ತುಳಸಿ ಲಗ್ನ ಮುಗಿದರೆ ಮತ್ತೆ ಮದುವೆಗಳು ಶುರುವಾಗುತ್ತವೆ. ಅದಕ್ಕೆ ಸ್ವಲ್ಪ ದಿನ ಮುಂಚೆ ವಿಜಾಪುರಕ್ಕೆ ಹೋಗಿ ಒಂದು ಹೊಸ ಭೋಂಗಾ, ಒಂದು ಹೊಸ ರಿಕಾರ್ಡು ತಂದ. ರಿಕಾರ್ಡಿನ ಮೇಲೆ ಮೈಗೆ ಅಂಟಿದಂಥ ಬಟ್ಟೆಯ ಹೆಣ್ಣಿನ ಚಿತ್ರ ಇತ್ತೆಂದು ಅದರ ಹೊದಿಕೆಯನ್ನು ಅಂಗಡಿಯಲ್ಲೇ ಬಿಟ್ಟು, ಟಾವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದ. ನನ್ನ ಕೈಗೆ ಕೊಟ್ಟು ಓದು ಅಂದ. ನಾನು ಅಕ್ಷರ ಕೂಡಿಸಿ ಡಿಸ್ಕೋ ಎಂದು ಓದಿದೆ. ಆಯಿ ಬಾಗಿಲ ಹೊಸ್ತಿಲ ಮೇಲೆಯೇ ಕೂತು ವಿಚಾರಣೆ ಶುರು ಮಾಡಿದಳು.

“ಹಂಗಂದ್ರೇನೋ ಮಲ್ಲಪ್ಪಾ?”

“ದೊಡ್ಡ ಊರಾಗ ಕುಣ್ಯಾಕಂತಽ ಒಂದು ಮನಿ ಇರ್ತೈತಂತ ಯವ್ವಾ. ಅಲ್ಲಿ ಬಾಜಾದವರಿಲ್ಲ, ಹಾಡವರಿಲ್ಲ. ನನ್ನಂಥಾವ ಒಬ್ಬ ಮೂಲ್ಯಾಗ ಕುಂತು ಪ್ಲೇಟ ಹಚ್ಚತಾನ, ಜನ ಕುಣೀತಾರ. ಆ ಮನಿಗೂ ಡಿಸ್ಕೋ ಅಂತಾರ, ಆ ಹಾಡಿಗೂ ಡಿಸ್ಕೋ ಅಂತಾರ, ಆ ಕುಣತಕ್ಕೂ ಅದಽ ಹೆಸರು. ಅಂಗಡ್ಯಾವ ಹೇಳಿದ.”

“ಗಂಡಸರು ಕುಣೀತಾರೋ, ಹೆಂಗಸರೋ?”

ಅಪ್ಪ ಕೆಮ್ಮಿದ. “ಕೂಡೇ ಕುಣೀತಾರಂತ.”

“ಥೂ! ಮದುವಿಗಿ ಬಂದ ಹೆಣ್ಣು ಮನ್ಯಾಗ ಇರಬೇಕಾದ್ರ ಇಂಥಾದ್ದು ತರ್ತಾರೇನೋ? ತಂಗಡಗ್ಯಾವರ ಕಿವಿಗೆ ಬಿದ್ರ ಆರತಿ ಬರೂದಿಲ್ಲ, ತಿಳ್ಕೋ.”

“ಯಾರ ಕಿವಿಗೂ ಬೀಳೂದಿಲ್ಲ ಬಿಡು. ದೂರದ ಮದುವ್ಯಾಗ ಹಚ್ಚತೇನಿ, ಪೆಟ್ಟಿಗ್ಯಾಗ ಇಡ್ತೇನಿ.”

ಅಪ್ಪನ ಮುಖದಲ್ಲಿ ನಾಚಿಕೆಯೂ ಇತ್ತು, ಒಂದು ಥರದ ಹೆಮ್ಮೆಯೂ ಇತ್ತು. ಮಷಿನ್ನು ನಡೆಸುವವನ ಸಲುವಾಗಿಯೇ ಹುಟ್ಟಿದ ಹಾಡೊಂದು ಲೋಕದಲ್ಲಿ ಇದೆಯಲ್ಲ ಎಂದು. ಆದರೆ ಅದಕ್ಕೆ ಯಾವ ಬೊಟ್ಟು ಇಡಬೇಕೆಂದು ತಿಳಿಯದೆ ಹಾಗೇ ಬರಿದಾಗಿ ಬಿಟ್ಟ. ಮರುದಿನ ನಾನು ಸಾಲೆಯಲ್ಲಿ ಮಾಸ್ತರರನ್ನು ಕೇಳಿದೆ. ಕೇಳುವ ಧೈರ್ಯ ಹೇಗೆ ಬಂತೋ. ಅವರು ಅಲಮಾರಿಯಿಂದ ರಟ್ಟು ಹರಿದ ಶಬ್ದಕೋಶ ತೆಗೆದು, ಬೆರಳು ನೆಕ್ಕಿ ಹಾಳೆ ತಿರುವಿ, ಮೇಲಿಂದ ಕೆಳಗೆ ಎರಡು ಸಲ ನೋಡಿದರು. “ಇದರಾಗ ಇಲ್ಲ ಅಂದ್ರ ಅಂಥಾ ಶಬ್ದಽ ಇಲ್ಲ. ಇಲ್ಲದ ಶಬ್ದ ಬಾಯಾಗ ತರಬಾರದು, ಕಸ್ತೂರಿ,” ಅಂದರು. ಶಬ್ದಕೋಶದೊಳಗೆ ಇಲ್ಲದ್ದು ನಮ್ಮ ಮನೆಯ ಪೆಟ್ಟಿಗೆಯೊಳಗೆ ಇದೆಯಲ್ಲ ಎಂದು ನನಗೆ ಒಳಗೊಳಗೇ ಹೆದರಿಕೆ ಹತ್ತಿತು.

ಹುಣ್ಣಿಮೆಗೆ ಇನ್ನು ಎಂಟು ದಿನ. ಅವತ್ತು ಮುಂಜಾನೆ ಅಪ್ಪ ಹಳೆಯ ಭೋಂಗಾ, ಹೊಸ ಭೋಂಗಾ ಎರಡನ್ನೂ ಮಾಳಿಗೆಯ ಮೇಲೆ ಊರ ಕಡೆ ಮುಖ ಮಾಡಿ ಇಟ್ಟು, ಎರಡಕ್ಕೂ ವಾಯರು ಹಚ್ಚಿ, ಹಲೋ ಹಲೋ ಎಂದು ಪರೀಕ್ಷೆ ಮಾಡಿದ. ಒಂದು ಬ್ಯಾಟರಿ ಕೋಣೆಯಲ್ಲೇ ಬಿಟ್ಟು, ಇನ್ನೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಚಾರ್ಜಿಗೆ ಬಾಗೇವಾಡಿಗೆ ಹೋದ. ಅವ್ವ, ಆಯಿ ಶೇಂಗಾ ಕೀಳಲಿಕ್ಕೆ ಹೊಲಕ್ಕೆ ಹೋದರು. ನಾನು ಎಂದಿನಂತೆ ವಾಯರು ಕಿತ್ತು ಸುತ್ತಿ ಗೂಟಕ್ಕೆ ಹಾಕಿದೆ. ಒಂದು ವಾಯರು. ಅಷ್ಟು ವರ್ಷ ಇದ್ದದ್ದು ಒಂದೇ, ನನ್ನ ಕೈಗೆ ಒಂದೇ ಗೊತ್ತು. ಹೊಸ ಭೋಂಗಾದ ವಾಯರು ಮಷಿನ್ನಿನ ಹಿಂದೆ ಹಾಗೇ ಉಳಿಯಿತು.

ಮಧ್ಯಾಹ್ನ ಗಂಗತ್ತಿ ಮುಸುರೆ ತೊಳೆದು ಬಂದು, ಸೆರಗಿಗೆ ಕೈ ಒರಸಿಕೊಳ್ಳುತ್ತ ಕೋಣೆಯ ಬಾಗಿಲು ಮುಂದೆ ಮಾಡಿದಳು.

“ಕಸ್ತೂರಿ, ಆ ಪ್ಲೇಟ ಹಚ್ಚಲೇ. ಸಣ್ಣಕ ಇಡು. ಕೇಳೂಣು.”

“ಆಯಿ ಬೈತಾಳ.”

“ಆಯಿ ಹೊಲದಾಗ ಅದಾಳ. ಬೆಳಕಿಂಡಿ ಮುಚ್ಚತೇನಿ ತಡಿ.” ಕೋಲಿನಿಂದ ತಗಡು ಸರಿಸಿ ಬೆಳಕಿಂಡಿ ಮುಚ್ಚಿದಳು. ನಮ್ಮ ಕಳ್ಳತನ ಯಾರಿಗೂ ಕೇಳಬಾರದೆಂದು ನಾವು ಮಾಡಿದ ಬಂದೋಬಸ್ತು ಅದು.

ನಾನು ಮುಳ್ಳು ಇಟ್ಟೆ. ಮೊದಲು ಬರೇ ಡೋಲಿನ ಸದ್ದು, ಒಂದೇ ಸಮ, ಹೃದಯ ಬಡಿದುಕೊಂಡ ಹಾಗೆ. ಆಮೇಲೆ ತಿಳಿಯದ ಭಾಷೆಯ ಹೆಣ್ಣುದನಿ. ಗಂಗತ್ತಿ ಮೊದಲು ಗೋಡೆಗೆ ಆತು ನಿಂತಿದ್ದಳು. ಆಮೇಲೆ ಅವಳ ಹೆಬ್ಬೆರಳು ನೆಲ ಬಡಿಯತೊಡಗಿತು, ಆಮೇಲೆ ಹೆಗಲು. ಆಮೇಲೆ ಸೆರಗು ಬಿಗಿದು ಸೊಂಟಕ್ಕೆ ಸಿಗಿಸಿ ಕುಣಿದೇ ಬಿಟ್ಟಳು. ಯಾರೂ ಕಲಿಸದ ಕುಣಿತ. ಜೋಳ ಕೇರುವ ಹಾಗೆ ಒಮ್ಮೆ, ಬಾವಿಯ ಹಗ್ಗ ಜಗ್ಗುವ ಹಾಗೆ ಒಮ್ಮೆ. ಕಾಲ್ಗೆಜ್ಜೆ ಗಲಗಲ ಅನ್ನುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮೈಕು ಹಿಡಿದು ಅಪ್ಪನ ದನಿ ತೆಗೆದೆ.

“ಬೀಗರಲ್ಲಿ ವಿನಂತಿ! ಈಗ ತಂಗಡಗಿಯ ಸೊಸಿ ಗಂಗವ್ವನವರು ಡಿಸ್ಕೋ ಮಾಡ್ತಾರ. ನೀಲವ್ವನವರು ಮುಂದ ಬಂದು ಕುಂದರಬೇಕು!”

ಗಂಗತ್ತಿ ನಕ್ಕು ನಕ್ಕು ಮೈಕಿನ ಮೇಲೆಯೇ ಬಾಗಿದಳು. “ಬರಲಿ, ಬರಲಿ! ಆ ಗಂಟ ಮಾರಿ ನೀಲವ್ವನ್ನೂ ಕುಣಸ್ತೇನಿ, ನೋಡ್ತಿರು!”

ಪೆಟ್ಟಿಗೆಯ ಸದ್ದು, ಮಾಳಿಗೆಯ ಭೋಂಗಾದ ಸದ್ದು, ಎರಡೂ ಒಂದೇ ಆದದ್ದರಿಂದ ನಮಗೆ ಬೇರೆಯಾಗಿ ಏನೂ ಕೇಳಲಿಲ್ಲ. ಕೇಳಿದ್ದು ಬಾಗಿಲು ಬಡಿದದ್ದು. ಬಾಜೂ ಮನೆಯ ಕಾಶವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು.

“ಏ ಗಂಗಿ, ಬಂದ್ ಮಾಡಽ! ಊರ ತುಂಬ ಕೇಳಾಕತ್ತೈತಿ! ಅಗಸ್ಯಾಗ ಗಂಡಸರೆಲ್ಲಾ ಎದ್ದು ನಿಂತಾರ!”

ಗಂಗತ್ತಿ ಅಲ್ಲಿಯೇ ಕುಸಿದು ಕೂತಳು. ನಾನು ಮಷಿನ್ನಿನ ಹಿಂದೆ ನೋಡಿದೆ. ಹೊಸ ವಾಯರು ಹಾವಿನಂತೆ ಗೋಡೆ ಹತ್ತಿ ಮಾಳಿಗೆಗೆ ಹೋಗಿತ್ತು. ಆಗ ನಾನು ಮಾಡಿದ್ದನ್ನು ಆ ಮನೆಯ ಹೊರಗೆ ಐವತ್ತು ವರ್ಷ ಯಾರಿಗೂ ಹೇಳಿಲ್ಲ, ನಿಮ್ಮ ಅಜ್ಜನಿಗೂ ಹೇಳಿರಲಿಲ್ಲ. ಅವಳು ಮುಖ ಮುಚ್ಚಿಕೊಂಡು ಕೂತಾಗ ಆ ವಾಯರನ್ನು ಮೆಲ್ಲಗೆ ಕಿತ್ತು, ಸುತ್ತಿ, ಇನ್ನೊಂದರ ಜೊತೆ ಗೂಟಕ್ಕೆ ಹಾಕಿದೆ. ಹೆದರಿದ ಕೈ ತನ್ನಷ್ಟಕ್ಕೆ ತಾನೇ ಮಾಡಿದ ಕೆಲಸ. ಅದರಿಂದ ಆದ ಕೇಡು ಸಂಜೆಗೆ ತಿಳಿಯಿತು. ದಾರಿಯಲ್ಲೇ ಎಲ್ಲ ಕೇಳಿಕೊಂಡು ಬಂದ ಅಪ್ಪ ನೆಟ್ಟಗೆ ಕೋಣೆಗೆ ಹೋಗಿ ಗೂಟ ನೋಡಿದ. ಎರಡು ವಾಯರೂ ಅಲ್ಲಿದ್ದವು. ಗಂಗತ್ತಿಯ ಕಡೆ ತಿರುಗಿದ.

“ವಾಯರ ಗೂಟದ ಮ್ಯಾಲ ಅದಾವ. ಕೂಸು ತನ್ನ ಕೆಲಸ ಮಾಡೇತಿ. ಅಂದ್ರ ನೀ ಬೇಕಂತಽ ಹಚ್ಚಿ, ಊರಿಗೆ ಕೇಳಿಸಿ, ಮತ್ತ ತಗದಿಟ್ಟಿ.”

“ಇಲ್ಲೋ ಅಣ್ಣಾ. ನನಗ ಆ ವಾಯರಂದ್ರ ಏನು ಅನ್ನೂದಽ ತಿಳೀದು.”

“ಬಾಯಿ ಮುಚ್ಚು.”

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚೊಲೋ ಇತ್ತು. ಅವತ್ತಿನಿಂದ ತಂಗಿಯ ಜೊತೆ ಮಾತು ಬಿಟ್ಟ. ಊಟಕ್ಕೆ ಕೂತರೆ ಅವಳು ನೀಡಲು ಬಂದ ಕೂಡಲೇ ಗಂಗಾಳದ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಪುಂಡಿಪಲ್ಲೆಯ ಸವುಟು ಹಿಡಿದುಕೊಂಡು ಅವಳು ಹಾಗೇ ನಿಲ್ಲುತ್ತಿದ್ದಳು, ಅವ್ವ ಎದ್ದು ಬಂದು ಇಸಿದುಕೊಳ್ಳುವ ತನಕ. ಆಯಿ ಮಗನಿಗೂ ಬೈದಳು, ಮಗಳಿಗೂ ಬೈದಳು, ವಿಜಾಪುರದ ಅಂಗಡಿಯವನಿಗೂ ಬೈದಳು. ನನಗೆ ಮಾತ್ರ ಯಾರೂ ಬೈಯಲಿಲ್ಲ. ಕೂಸು, ತಿಳಿಯದೆ ಮಾತಾಡಿದೆ ಎಂದು ಬಿಟ್ಟರು. ಆ ಬಿಟ್ಟದ್ದೇ ನನಗೆ ದೊಡ್ಡ ಶಿಕ್ಷೆಯಾಯಿತು. ಗೂಟ ಕಂಡರೆ ಕಣ್ಣು ತಾನಾಗಿ ಬೇರೆ ಕಡೆ ಹೊರಳುತ್ತಿತ್ತು. ಹೇಳಬೇಕೆಂದು ಅಪ್ಪನ ಹತ್ತಿರ ಹೋಗುತ್ತಿದ್ದೆ, ನೀರು ಕೊಟ್ಟು ಬರುತ್ತಿದ್ದೆ.

ಎರಡೇ ದಿನದಲ್ಲಿ ಊರು ಆ ಶಬ್ದವನ್ನು ಕಲಿತುಬಿಟ್ಟಿತು. ಮಾಸ್ತರರ ಪುಸ್ತಕದಲ್ಲಿ ಇಲ್ಲದ್ದು ಬಾವಿಕಟ್ಟೆಯ ಮೇಲೆ ಎಲ್ಲರ ಬಾಯಲ್ಲಿ ಇತ್ತು. ಹಗ್ಗ ಬಿಚ್ಚಿಕೊಂಡು ಜಿಗಿದಾಡುವ ಆಕಳ ಕರುವಿಗೆ ಡಿಸ್ಕೋ ಕರು ಅಂದರು. ಮಿರಮಿರ ಮಿಂಚುವ ಬಳೆಗೆ ಬಳೆಗಾರನೇ ಡಿಸ್ಕೋ ಬಳೆ ಅಂದ. ಕುಡಿದು ತೂರಾಡುವವನನ್ನು ಕಂಡರೆ, ಇವತ್ತು ಇವನದು ಡಿಸ್ಕೋ ಜೋರೈತಿ ಅಂದರು. ಅಪ್ಪ ಹೇಳಿದ ಮನೆ, ಹಾಡು, ಕುಣಿತ, ಆ ಮೂರೂ ಅರ್ಥ ಯಾರಿಗೂ ಬೇಕಿರಲಿಲ್ಲ. ಹದ ತಪ್ಪಿದ್ದಕ್ಕೆಲ್ಲ ಅದೊಂದು ಹೆಸರಾಯಿತು. ಗಂಗತ್ತಿ ಕೊಡ ಹೊತ್ತು ಬಂದರೆ ಹೆಂಗಸರು ದಾರಿ ಬಿಟ್ಟು ಸರಿಯುತ್ತಿದ್ದರು.

“ಸರೀರೆವ್ವಾ, ಸರೀರಿ. ಡಿಸ್ಕೋ ಗಂಗವ್ವ ಬಂದಳು. ಕೊಡದಾಗಿನ ನೀರೂ ಕುಣೀತಾವ!”

ಅವಳು ತಲೆ ಎತ್ತದೆ ನೀರು ತುಂಬಿಕೊಂಡು ಬರುತ್ತಿದ್ದಳು. ನಡೆಯುವಾಗ ಮೈ ಒಂದಿಷ್ಟೂ ಅಲುಗದ ಹಾಗೆ, ಕಟ್ಟಿಗೆಯ ಗೊಂಬೆಯಂತೆ ನಡೆಯುವುದನ್ನು ಕಲಿತಳು. ಕಾಲ್ಗೆಜ್ಜೆ ಬಿಚ್ಚಿ ನಾಗೊಂದಿಯ ಹಲಗೆಯ ಮೇಲೆ ಇಟ್ಟಳು. ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಎಮ್ಮೆಯ ಕುತ್ತಿಗೆಗೆ ಆತು ಅಳುವುದನ್ನು ನೋಡಿದೆ. ನನ್ನನ್ನು ಕಂಡು ಕಣ್ಣೊರಸಿಕೊಂಡಳು. “ನಾ ಹಚ್ಚಿಲ್ಲಲೇ ಕಸ್ತೂರಿ. ಅಣ್ಣ ಹಂಗ್ಯಾಕ ಅಂತಾನ?” ಎಂದು ನನ್ನನ್ನೇ ಕೇಳಿದಳು. ನಾನು ಓಡಿ ಹೋದೆ. ಇಷ್ಟರಲ್ಲಿ ಕಾಶವ್ವ ಸುದ್ದಿ ತಂದಳು. ಹಾಡು ಊರಿಗೆ ಕೇಳಿಸಿದ ಮಧ್ಯಾಹ್ನ ಅಗಸಿಯಲ್ಲಿ ತಂಗಡಗಿಯ ದನದ ವ್ಯಾಪಾರಿ ಒಬ್ಬ ಕೂತಿದ್ದನಂತೆ. ಕಿವಿಯಾರೆ ಕೇಳಿ ಹೋಗಿದ್ದನಂತೆ.

ಗೌರಿ ಹುಣ್ಣಿಮೆಯ ದಿನ ಆಯಿ ಮನೆ ಸಾರಿಸಿ, ಹೋಳಿಗೆಯ ಹೂರಣ ರುಬ್ಬಿದಳು. ಮಾಡದಿದ್ದರೆ ಅಪಶಕುನ, ಮಾಡಿದರೆ ಯಾರಿಗೆ ಉಣಿಸುವುದು ಎಂಬ ಭಯ. ಮಧ್ಯಾಹ್ನದ ಬಸ್ಸು ಹೋಯಿತು, ಯಾರೂ ಇಳಿಯಲಿಲ್ಲ. ಕೆಳಗಿನ ಓಣಿಯ ಹುಡುಗಿಗೆ ಆರತಿ ಬಂದು, ಹಾಡಿನ ದನಿ ನಮ್ಮ ಮನೆಯವರೆಗೆ ಬಂತು. ಗಂಗತ್ತಿ ಬೆಳಗಿನಿಂದ ನೀರು ಸಹ ಬಾಯಿಗೆ ಹಾಕಿರಲಿಲ್ಲ. ಹೊತ್ತು ಮುಳುಗುವ ಮುಂದೆ ಹೊರಗೆ ಚಪ್ಪಲಿಯ ಸದ್ದಾಯಿತು. ನೀಲವ್ವ. ಅವಳ ಹಿಂದೆ ತಲೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತ ಒಬ್ಬ ಆಳು ಹೆಣ್ಣುಮಗಳು. ಆಯಿ ಬುಟ್ಟಿ ಇಳಿಸಲಿಕ್ಕೆ ಕೈ ಚಾಚಿದಳು.

“ಇರಲಿ ಬಿಡ್ರಿ. ಇಳಸೂದೋ ಹೊತಗೊಂಡು ಹೋಗೂದೋ ಇನ್ನ ನೋಡಬೇಕು,” ಅಂದಳು ನೀಲವ್ವ.

ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಳು. ಬುಟ್ಟಿ ಹೊತ್ತವಳು ನಿಂತೇ ಇದ್ದಳು. ನಾನು ಜೋಳದ ಚೀಲಗಳ ಹಿಂದೆ ಸೇರಿಕೊಂಡು ಅಲ್ಲಿಂದ ನೋಡುತ್ತಿದ್ದೆ. ಅಪ್ಪ ಕೈ ಜೋಡಿಸಿದ.

“ತಪ್ಪಾಗೇತ್ರಿ. ನನ್ನ ಮನಿ, ನನ್ನ ಮಷಿನ್ನು. ತಪ್ಪು ನಂದಽ.”

“ನಿಮ್ಮ ದನಿ ನಮ್ಮೂರಿನವ ಕೇಳಿಲ್ಲ. ನಾ ಕೇಳೂದು ಒಂದಽ ಮಾತು. ತಪ್ಪಿ ಹೊರಗ ಹೋತೋ, ಬೇಕಂತ ಹೊರಗ ಬಿಟ್ಟಳೋ? ನಾಲ್ಕು ಗ್ವಾಡಿ ನಡಕ ಹುಡುಗ್ಯಾರು ಏನರೆ ಮಾಡ್ಲಿ. ನಾವೂ ಮಾಡೇವಿ. ಅಗಸಿ ಗಂಡಸರಿಗೆ ಕೇಳಲಿ ಅಂತ ಮಾಡಿದಾಕಿ ನನ್ನ ಮನಿಗೆ ಬ್ಯಾಡ.”

ಸುಳ್ಳು ಹೇಳಲು ಅಪ್ಪನಿಗೆ ಬರುತ್ತಿರಲಿಲ್ಲ, ಅವನು ನಂಬಿದ ನಿಜ ಹೇಳಿದರೆ ತಂಗಿಯ ಬಾಳು ಹೋಗುತ್ತದೆ. ನೀಲವ್ವ ಎದ್ದಳು.

“ಆ ಪ್ಲೇಟ ಹಚ್ಚರಿ. ಎಂಥಾದ್ದು ಅಂತ ನಾನೂ ಕೇಳತೇನಿ.”

ಎಲ್ಲರೂ ಮೈಕಿನ ಕೋಣೆಗೆ ಹೋದರು. ನಾನೂ ಬಾಗಿಲ ಹತ್ತಿರ ಬಂದೆ. ಅಪ್ಪ ಮುಳ್ಳು ಇಟ್ಟಾಗ ಕರ್ ಎಂದು ಸದ್ದಾಯಿತು. ಆಮೇಲೆ ಅದೇ ಡೋಲು. ನೀಲವ್ವ ಗಲ್ಲಕ್ಕೆ ಕೈ ಹಚ್ಚಿ, ಪಂಚಾಯಿತಿಯಲ್ಲಿ ಸಾಕ್ಷಿ ಕೇಳುವವರ ಹಾಗೆ ಕೇಳುತ್ತ ನಿಂತಳು. ಗಂಗತ್ತಿಯ ಮುಖ ಸುಣ್ಣದಂತಾಗಿತ್ತು. ಇನ್ನೇನು ನೀಲವ್ವ ತಲೆ ಆಡಿಸಿ, ಬುಟ್ಟಿಯವಳ ಕಡೆ ತಿರುಗಿ, ನಡಿ ಅನ್ನುತ್ತಾಳೆ ಎಂದು ನನಗೆ ಅನಿಸಿತು. ಬಾಯಿ ಬಿಟ್ಟೆ. ಹೇಳಿದೆ. ಹೇಳಿದ್ದು ಯಾರಿಗೂ ಕೇಳಲಿಲ್ಲ, ಹಾಡು ನುಂಗಿಬಿಟ್ಟಿತು. ಅಪ್ಪ ಮಾತ್ರ ನನ್ನ ತುಟಿ ಅಲುಗಿದ್ದು ನೋಡಿ ಮುಳ್ಳು ಎತ್ತಿದ.

“ಏನಂದಿ?”

ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಬೇಕಿತ್ತು, ಈ ಸಲ ಎಲ್ಲರೂ ಕೇಳುವಂತೆ. ನನ್ನ ಲಂಗ ಒದ್ದೆಯಾದದ್ದು ನನಗೆ ಆಮೇಲೆ ತಿಳಿಯಿತು.

“ಒಂದು ವಾಯರ ತಗದಿದ್ದೆ ಅಪ್ಪಾ. ಹೊಸಾದು ಮರತೆ. ಕಾಶವ್ವ ಬಂದ ಮ್ಯಾಲೆ ತಗದು ಗೂಟಕ್ಕ ಹಾಕಿದೆ. ಗಂಗತ್ತಿಗೆ ಗೊತ್ತಿಲ್ಲ.”

ಅಪ್ಪ ಮೇಜು ಹಿಡಿದುಕೊಂಡ. ತಂಗಿಯ ಕಡೆ ನೋಡಲಿಕ್ಕೆ ಅವನಿಂದ ಆಗಲಿಲ್ಲ. ನೀಲವ್ವ ನನ್ನ ಮುಂದೆ ಬಂದು ಬಾಗಿದಳು.

“ಮೈಕಿನ್ಯಾಗ ವಿನಂತಿ ಮಾಡಿದಾಕಿ ನೀನಽ ಏನು? ಮತ್ತ ನನ್ನ ಗಂಟ ಮಾರಿ ಅಂದಾಕಿ?”

ಒಂದು ಸುಳ್ಳು ಸಾಕಿತ್ತು. ಆಯಿಯ ಕಣ್ಣು ಹೇಳು ಹೇಳು ಅನ್ನುತ್ತಿತ್ತು. ನಾನು ಹೂಂ ಅನ್ನುವುದರೊಳಗೆ ಗಂಗತ್ತಿ ಮುಂದೆ ಬಂದಳು.

“ಅದನ್ನ ಕೂಸಿನ ಮ್ಯಾಲೆ ಹಾಕಬ್ಯಾಡ್ರಿ. ಅದು ನಾ ಅಂದದ್ದು. ಕುಣಸ್ತೇನಿ ಅಂದದ್ದೂ ನಾನಽ. ಖುಷಿಲೆ ಅಂದೆ.”

ನೀಲವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನನ್ನ ಮೊಣಕಾಲು ಹಿಡದು ಮೂರು ವರ್ಷಾತು. ನೀ ಕುಣಸ್ತೇನಿ ಅಂದ್ರೂ ಅವು ಕೇಳಬೇಕಲಾ?” ಅಂದಳು. ಬುಟ್ಟಿಯವಳ ಕಡೆ ತಿರುಗಿದಳು. “ಇಳಸಽ. ಕುತ್ತಿಗಿ ಸೆಟದಿರಬೇಕು ನಿಂದು.”

ಆಯಿ ಅಳುತ್ತಲೇ ಸಕ್ಕರೆಯ ಆನೆ ಕುದುರೆಗಳನ್ನು ಹರಿವಾಣಕ್ಕೆ ಜೋಡಿಸಿದಳು. ಅಪ್ಪ ಹೊರಗೆ ಹೋಗಿ, ಮುಖಕ್ಕೆ ನೀರು ಹಾಕಿಕೊಂಡು ಬಂದು, ಗಂಗತ್ತಿಯ ಮುಂದೆ ತನ್ನ ಗಂಗಾಳ ಹಿಡಿದ. ಅವಳು ನೀಡಿದಳು. ಆದರೆ ನೀಲವ್ವ ಹೋಳಿಗೆ ಮುರಿಯುವ ಮೊದಲೇ ಒಂದು ಮಾತು ಹೇಳಿದಳು.

“ಮದುವಿಗೆ ಮೈಕ ಬ್ಯಾಡ ಮಲ್ಲಪ್ಪಾ. ನಮ್ಮೂರ ಮಂದಿ ನಕ್ಕಾರ. ನಾ ಸೊಸಿನ್ನ ತರಬೇಕಾದ್ರ ಅವರ ಬಾಯಿಗೂ ಏನರೆ ಹಾಕಬೇಕು. ಒಂದು ಪ್ಲೇಟಿಲ್ಲ, ಒಂದು ಹಲೋ ಇಲ್ಲ. ಒಪ್ಪತಿ?”

ಅಪ್ಪ ಗಂಗಾಳದಲ್ಲಿನ ಹೋಳಿಗೆಯನ್ನು ಬದಿಗೆ ಸರಿಸಿ ಹೂಂ ಅಂದ.

ಹಾಗೆ ಆ ಸೀಮೆಯ ಮದುವೆಗಳಿಗೆಲ್ಲ ದನಿ ಕೊಟ್ಟವನ ಮನೆಯ ಮದುವೆ ದನಿ ಇಲ್ಲದೆ ನಡೆಯಿತು. ಹಂದರ ಹಾಕಿದ್ದು ನಮ್ಮ ಅಂಗಳದಲ್ಲೇ. ಮೈಕಿನ ಕೋಣೆಗೆ ಅಪ್ಪ ಬೀಗ ಹಾಕಿದ್ದ. ಬೇರೆ ಮದುವೆಗಳಲ್ಲಿ ಕೂತಲ್ಲಿಂದಲೇ ಎಲ್ಲ ನಡೆಸುತ್ತಿದ್ದವನು ಅವತ್ತು ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಒಮ್ಮೆ ಹೆಗಲ ಟಾವೆಲ್ಲು ಹಿಡಿಯುತ್ತಿದ್ದ, ಒಮ್ಮೆ ಹಂದರದ ಗಳ ಹಿಡಿಯುತ್ತಿದ್ದ. ಅಕ್ಕಿಕಾಳು ಬಿದ್ದಾಗ ಮಳೆ ಹನಿದಂಥ ಒಂದು ಸದ್ದಾಯಿತು. ಎಷ್ಟೋ ಮದುವೆಗೆ ಹೋಗಿದ್ದ ನಾನು ಆ ಸದ್ದನ್ನು ಕೇಳಿದ್ದು ಅದೇ ಮೊದಲು. ಆಮೇಲೆ ಊಟದ ಹೊತ್ತಾಯಿತು. ಅಪ್ಪ ಹಂದರದ ನಡುವೆ ನಿಂತು, ಬೀಗರು ಊಟಕ್ಕೆ ಏಳಬೇಕು ಎಂದು ಕೂಗಿದ. ಜನ ತುಂಬಿದ್ದರು, ಕೂಸುಗಳು ಅಳುತ್ತಿದ್ದವು. ಅಪ್ಪನ ದನಿ ಎರಡನೆಯ ಸಾಲು ದಾಟಲಿಲ್ಲ. ಮತ್ತೊಮ್ಮೆ ಕೂಗಿದ. ಗಂಟಲು ಒಡೆಯಿತು. ಯಾರೋ ನಕ್ಕರು. ಅಪ್ಪ ಟಾವೆಲ್ಲು ಬಾಯಿಗೆ ಹಿಡಿದುಕೊಂಡು ಕೆಳಗೆ ನೋಡಿದ.

ನಾನು ಕಂಬದ ಹಿಂದಿನಿಂದ ಹೊರಗೆ ಬಂದೆ. ಮೊದಲ ಸಾಲಿನ ಮೊದಲನೆಯ ಹೆಂಗಸಿನ ಕಿವಿಯ ಹತ್ತಿರ ಬಾಗಿ, “ಊಟಕ್ಕ ಏಳ್ರಿ, ಅಪ್ಪ ಕರ್ಯಾಕತ್ತಾನ,” ಅಂದೆ. ಆಮೇಲೆ ಅವಳ ಬದಿಯವಳಿಗೆ. ಆಮೇಲೆ ಅವಳ ಬದಿಯವಳಿಗೆ. ಮಂದಿಯೆದುರು ಬಾಯಿ ಬಿಡದ ನನಗೂ ಒಬ್ಬೊಬ್ಬರಿಗೇ ಹೇಳುವುದು ಆಗುತ್ತದೆ ಎಂದು ಅವತ್ತು ತಿಳಿಯಿತು. ನನಗೆ ಇವತ್ತಿಗೂ ಅಷ್ಟೇ ಬರುತ್ತದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಹೆಂಗಸರ ಸಾಲು ಮುಗಿಯಿತು. ಗಂಡಸರ ಸಾಲಿಗೆ ಬಂದೆ. ತಂಗಡಗಿಯವರು ಅಲ್ಲಿ ಒತ್ತೊತ್ತಾಗಿ ಕೂತಿದ್ದರು. ನಡುವಿನಲ್ಲಿದ್ದ ಮೀಸೆಯವನೊಬ್ಬ ನನ್ನ ಕೈ ಹಿಡಿದು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಕೇಳಿದ.

“ಅಂದು ಮೈಕಿನ್ಯಾಗ ಡಿಸ್ಕೋ ಅಂತ ಒದರಿದ ಹುಡುಗಿ ನೀನಽ ಏನು?”

ಆ ಸಾಲಿನವರೆಲ್ಲ ನನ್ನ ಕಡೆ ತಿರುಗಿದರು.

“ಹೌದ್ರಿ,” ಅಂದೆ. “ಊಟಕ್ಕ ಏಳ್ರಿ.”